ಸರ್ಜನ್ ಸಾಹೇಬರು ಇನ್ನೂ ದಾರಿಯಲ್ಲಿದ್ದಾರೆ

ಇಂಥದ್ದೆಲ್ಲ ನಿಮ್ಮ ಮನೆಯಲ್ಲೇ ಯಾಕೆ ಆಗುತ್ತದೆ ಎಂದು ನಮ್ಮ ಬಿಲ್ಡಿಂಗಿನ ಹೆಂಗಸರು ಕೇಳುತ್ತಾರೆ. ನಾನೇನು ಹೇಳಲಿ? ನಮ್ಮವರು ಒಬ್ಬ ಮಿಲಿಟರಿ ಸರ್ಜನ್ನನ ಜೀವನಚರಿತ್ರೆ ಬರೆಯುತ್ತಿದ್ದಾರೆ. ಅವನು ತೀರಿಹೋಗಿ ನೂರು ವರ್ಷಕ್ಕೂ ಮೇಲಾಯಿತು. ಪಾಪ, ಅವನು ಸುಮ್ಮನಿದ್ದಾನೆ. ಇವರು ಬಿಡುತ್ತಿಲ್ಲ. ಹಾಗಾಗಿ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ತಿಂಗಳಿಗೊಂದಾದರೂ ಏನಾದರೂ ಆಗುತ್ತಲೇ ಇರುತ್ತದೆ.

೧. ರದ್ದಿ ಅಂಗಡಿ

ನಮ್ಮವರು ಮೂವತ್ತನಾಲ್ಕು ವರ್ಷ ಆಸ್ಪತ್ರೆಗಳಿಗೆ ಕತ್ತರಿ, ಚಿಮಟ, ಸೂಜಿ ಮಾರುವ ಕಂಪನಿಯಲ್ಲಿ ಸೇಲ್ಸ್‌ಮನ್ ಆಗಿದ್ದವರು. ಹುಟ್ಟಿದ್ದು ಉಡುಪಿ ಕಡೆ, ಬದುಕಿದ್ದು ಹೆಚ್ಚಾಗಿ ಲೋಕಲ್ ಟ್ರೈನಿನಲ್ಲಿ. ರಿಟೈರ್ ಆದ ಮರುವಾರದಿಂದ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಒಗ್ಗರಣೆಗೆ ಸಲಹೆ ಕೊಡತೊಡಗಿದರು. ಎಂಟು ದಿನ ಸಹಿಸಿದೆ. ಒಂಬತ್ತನೇ ದಿನ ಹಳೇ ಪೇಪರಿನ ಕಟ್ಟು ಕೈಗೆ ಕೊಟ್ಟು ರದ್ದಿ ಅಂಗಡಿಗೆ ಅಟ್ಟಿದೆ. ಎರಡು ಗಂಟೆ ಬಿಟ್ಟು ಬಂದರು. ಕೊಂಡುಹೋದದ್ದಕ್ಕಿಂತ ದೊಡ್ಡ ಕಟ್ಟು ತಂದಿದ್ದರು.

ಬಿಚ್ಚಿ ನೋಡಿದರೆ ಹುಳ ತಿಂದ ಮೂರು ಇಂಗ್ಲಿಷ್ ಪುಸ್ತಕ. ಮುಟ್ಟಿದರೆ ಉದುರುತ್ತಿದ್ದವು.

"ಇದೆಂತ ಮಾರಾಯ್ರೆ?"

"ಒಬ್ಬ ಬಿಳಿ ಡಾಕ್ಟರನ ಆತ್ಮಕಥೆ. ಹಡಗಿನಲ್ಲಿ ಐದು ತಿಂಗಳು ಕೂತು ಬಂದವ. ಮಂಗಳೂರಿನ ಪಲ್ಟನಿನಲ್ಲಿ ಇದ್ದು ಕನ್ನಡ ಕಲಿತಿದ್ದಾನೆ. ಆಮೇಲೆ ನಮ್ಮ ಥಾಣೆಯಲ್ಲಿ ಇದ್ದ! ಕತ್ತರಿಯ ಬಗ್ಗೆ ಎಷ್ಟು ಚಂದ ಬರೆದಿದ್ದಾನೆ ಗೊತ್ತುಂಟಾ?"

ಅವನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಮನೆಯಲ್ಲಿ ನಾವು ಅವನನ್ನು ಸಾಹೇಬ ಅನ್ನುತ್ತೇವೆ. ಅಂದಿನಿಂದ ಹನ್ನೊಂದು ವರ್ಷ ನಮ್ಮವರು ಸಾಹೇಬನ ಬದುಕನ್ನು ಕನ್ನಡದಲ್ಲಿ ಬರೆದಿದ್ದಾರೆ. ಇದರ ನಡುವೆ ಕಣ್ಣಿಗೆ ಗ್ಲಾಕೋಮಾ ಬಂತು. ಓದುವುದು ಬರೆಯುವುದು ಇನ್ನು ಎಷ್ಟು ದಿನ ಎಂದು ಹೇಳಲಾಗದು ಎಂದರು ಕಣ್ಣಿನ ಡಾಕ್ಟರು. ನಮ್ಮವರು ಪೆನ್ನು ಬಿಟ್ಟು ಸ್ಕೆಚ್ ಪೆನ್ ಹಿಡಿದರು. ಅಕ್ಷರಗಳು ಮೊದಲು ಕಡಲೆಯಷ್ಟಿದ್ದವು, ಈಗ ಗೋಳಿಬಜೆಯಷ್ಟಾಗಿವೆ.

ಅವರಿಗೆ ಒಂದೇ ಆಸೆ. ಕಣ್ಣು ಇರುವಾಗಲೇ, ನಾಲ್ಕು ಜನರ ಮುಂದೆ, ತಾವೇ ನಿಂತು, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಬೇಕು. ಅಚ್ಚು ಹಾಕಿಸುವ ಆಸೆಯೂ ಇಲ್ಲ. "ನಾನು ಕೇಳಿದ್ದೇನಲ್ಲ" ಎಂದೆ ಒಮ್ಮೆ.

"ನೀನು ಬೀನ್ಸ್ ಹೆಚ್ಚುತ್ತಾ ಕೇಳಿದ್ದು. ಕಾಲರಾದ ಪುಟ ಬಂದಾಗ ಕುಕ್ಕರ್ ಸೀಟಿ ಎಣಿಸ್ತಾ ಇದ್ದೆ."

ಅದು ನಿಜ. ಮೂರು ಸೀಟಿ ಆಗಿತ್ತು.

೨. ಹೆಣ್ಣು ನೋಡುವ ಶಾಸ್ತ್ರ

ಮಗಳಿಗೆ ಗಂಡು ನೋಡುವ ಹೊತ್ತಿಗೆ ಸಾಹೇಬ ಮನೆಯಲ್ಲಿ ಚೆನ್ನಾಗಿ ತಳವೂರಿದ್ದ. ಥಾಣೆಯಲ್ಲಿರುವ ಧಾರವಾಡ ಕಡೆಯ ಒಂದು ಕುಟುಂಬ ಬರುವುದೆಂದಾಯಿತು. ನಾನು ಬೆಳಿಗ್ಗೆಯೇ ಇವರಿಗೆ ಹೇಳಿದೆ. "ಹವೆಯ ಬಗ್ಗೆ ಮಾತಾಡಿ, ಟ್ರೈನಿನ ಬಗ್ಗೆ ಮಾತಾಡಿ. ಸಾಹೇಬನ ಸುದ್ದಿ ಬೇಡ."

ಕೆಸುವಿನೆಲೆಯ ಪತ್ರೊಡೆ ಬಡಿಸುವವರೆಗೆ ತಡೆದುಕೊಂಡರು. ಹುಡುಗನ ತಂದೆ ಪಾಪ, ಏನೋ ಮಾತಿಗೆ "ಮೊಣಕಾಲು ನೋವು ಭಾಳ ಆಗೇದ್ರಿ" ಅಂದುಬಿಟ್ಟರು. ಅಷ್ಟು ಸಾಕಾಯಿತು.

"ಆಗಿನ ಕಾಲದಲ್ಲಿ ಕಾಲು ತೆಗೆಯಲಿಕ್ಕೆ ನಿದ್ದೆ ಬರಿಸುವ ಔಷಧಿ ಇರಲಿಲ್ಲ ನೋಡಿ. ನಾಲ್ಕು ಜನ ಹಿಡ್ಕೊಳ್ಳುದು. ಸಾಹೇಬ ಗಡಿಯಾರ ಇಟ್ಟು ಎರಡು ನಿಮಿಷದಲ್ಲಿ..." ಎಂದು ಪತ್ರೊಡೆಯ ಉರುಳೆಯನ್ನೇ ಹಿಡಿದು, ಎಲ್ಲಿ ಚರ್ಮ ಮಡಿಸುತ್ತಿದ್ದ, ಎಲ್ಲಿ ಗರಗಸ ಇಡುತ್ತಿದ್ದ ಎಂದು ತೋರಿಸಿದರು.

ಹುಡುಗನ ತಂದೆ ತಟ್ಟೆ ಸರಿಸಿದರು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಒಳಗಿನಿಂದ ಮಗಳು "ಮಮ್ಮೀ, ಪಪ್ಪಾ ಕೋ ರೋಕೋ ನಾ" ಎಂದು ಅಳುವ ದನಿ ತೆಗೆದಳು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಿತ್ತು.

ಆಗ ಹುಡುಗ ತಲೆಯೆತ್ತಿ ಕೇಳಿದ. "ಅಂಕಲ್, ಆಮೇಲೆ ಆ ಸಿಪಾಯಿ ಉಳಿದನೇನ್ರಿ?"

ನಮ್ಮವರ ಮುಖ ನೋಡಬೇಕಿತ್ತು. ಹೌದು, ಉಳಿದಿದ್ದ, ಮರದ ಕಾಲು ಕಟ್ಟಿಕೊಂಡು ಸಾಹೇಬನ ತೋಟ ನೋಡಿಕೊಂಡಿದ್ದ ಎಂದು ಎಲ್ಲ ಹೇಳಿ ಮುಗಿಸಿ, ಕೈ ತೊಳೆಯುವಾಗ ನನ್ನ ಕಿವಿಯಲ್ಲಿ "ಇವನೇ ಅಳಿಯ" ಅಂದರು. ಮಗಳಿಗೂ ಅವನು ಹಿಡಿಸಿದ. ಮದುವೆಯಾಯಿತು.

ವರ್ಷದ ಮೇಲೆ ಅಳಿಯ ನನ್ನ ಹತ್ತಿರ ಸತ್ಯ ಹೇಳಿದ. "ಅತ್ತೀ, ಬರೋವಾಗ ಟ್ರೇನಿನ್ಯಾಗ ನಮ್ಮವ್ವ ಹೇಳಿದ್ಲು, ಅಲ್ಲಿ ಒಂದಾದ್ರೂ ಪ್ರಶ್ನಿ ಕೇಳು, ಇಲ್ಲಾಂದ್ರ ಮೂಕ ಅಂದ್ಕೋತಾರ ಅಂತ. ನನಗ ಆ ಹೊತ್ತಿಗೆ ಬ್ಯಾರೆ ಪ್ರಶ್ನಿನ ಹೊಳೀಲಿಲ್ರಿ."

೩. ಮೊಣಕಾಲು ನೋವು

ಡಾಕ್ಟರನ ಪುಸ್ತಕ ಬರೆಯುವವರು ಎಂಬುದು ಸೊಸೈಟಿಯ ಮೆಟ್ಟಿಲು ಇಳಿಯುತ್ತಾ ಇಳಿಯುತ್ತಾ ಬರೀ ಡಾಕ್ಟರು ಎಂದಾಯಿತು. ಒಂದು ದಿನ ವಾಚ್‌ಮನ್ ಕುಂಟುತ್ತಾ ಬಂದು ಮೊಣಕಾಲು ತೋರಿಸಿದ. ನಾನು ಡಾಕ್ಟರಲ್ಲ ಎಂದು ಇವರು ಎಷ್ಟು ಹೇಳಿದರೂ ಕೇಳಲಿಲ್ಲ.

"ಸರಿ" ಎಂದು ನಮ್ಮವರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ನೋಟ್‌ಬುಕ್ ತೆರೆದು, ಸಾಹೇಬನಿದ್ದಿದ್ದರೆ ಏನು ಮಾಡುತ್ತಿದ್ದ ಎಂದು ಹಿಂದಿಯಲ್ಲಿ ವಿವರಿಸಿದರು. ಮೊದಲು ಹನ್ನೆರಡು ಜಿಗಣೆ. ಅದಕ್ಕೆ ಬಗ್ಗದಿದ್ದರೆ ಕಾದ ಕಬ್ಬಿಣ. ಅದಕ್ಕೂ ಬಗ್ಗದಿದ್ದರೆ... ಎಂದು ಪುಟ ತಿರುವುವಷ್ಟರಲ್ಲಿ ವಾಚ್‌ಮನ್ ಎದ್ದು ನಿಂತಿದ್ದ.

"ಅಂಕಲ್, ದರ್ದ್ ಚಲಾ ಗಯಾ" ಅಂದವನೇ, ನೋವು ಹೋಯಿತಂತೆ, ಮೂರು ಮಹಡಿ ಮೆಟ್ಟಿಲು ಸರಸರ ಇಳಿದು ಹೋದ.

೪. ಕಿಟಕಿ ಸೀಟು

ಮಗಳ ಮನೆ ಈಗ ಸೀವುಡ್ಸ್‌ನಲ್ಲಿ. ಡೊಂಬಿವಲಿಯಿಂದ ಥಾಣೆಗೆ ಹೋಗಿ ಅಲ್ಲಿ ಟ್ರೈನ್ ಬದಲಿಸಬೇಕು. ಒಂದು ಭಾನುವಾರ ನಾವಿಬ್ಬರೂ ಎರಡು ಸೀಟಿನ ನಡುವೆ ನಿಂತು, ನಾನು ತಿಂಡಿಯ ಡಬ್ಬಿ ಎದೆಗವಚಿಕೊಂಡು ಹೋಗುತ್ತಿದ್ದೆವು. ಇವರ ಫೋನ್ ಬಡಿಯಿತು. ಕಲ್ಯಾಣದ ಒಬ್ಬರು ನಿವೃತ್ತ ಮರಾಠಿ ಮೇಷ್ಟ್ರು, ಹಳೆಯ ಊರುಗಳ ಹೆಸರು ಗುರುತಿಸಲು ಇವರಿಗೆ ನೆರವಾಗುವವರು. ಎಲ್ಲಿಗೆ ಬಂತು ಬರವಣಿಗೆ ಎಂದು ಅವರು ಕೇಳಿರಬೇಕು.

ನಮ್ಮವರಿಗೆ ಫೋನಿನಲ್ಲಿ ಮೆತ್ತಗೆ ಮಾತಾಡಿ ಗೊತ್ತಿಲ್ಲ. ಸಾಹೇಬನ ಕಥೆ ಹೇಳುವಾಗ ಆಗಿಹೋದದ್ದು ಎಂದೂ ಗೊತ್ತಿಲ್ಲ, ಎಲ್ಲವೂ ಈಗ ನಡೆಯುತ್ತಿರುವುದೇ. ಇಡೀ ಬೋಗಿಗೆ ಕೇಳುವಂತೆ ಹಿಂದಿಯಲ್ಲಿ ಶುರು ಮಾಡಿದರು. "ಹಾಂ ಸರ್, ಥಾಣೆ ಮೇ ಕಾಲರಾ ಫೈಲ್ ಗಯಾ ಹೈ! ನಿನ್ನೆಯಿಂದ ನಲವತ್ತು ಜನ ಹೋದರು. ಔಷಧಿ ಮುಗಿದಿದೆ. ಹೂಳಲಿಕ್ಕೆ ಜನ ಇಲ್ಲ. ಸಾಹೇಬ ಒಬ್ಬನೇ ಎಷ್ಟು ಜನರನ್ನು ನೋಡುತ್ತಾನೆ?"

ಪಕ್ಕದವರು ಕರವಸ್ತ್ರ ಮೂಗಿಗೆ ಹಿಡಿದರು. ಒಬ್ಬ ಹುಷಾರಿನಿಂದ ಕೇಳಿದ. "ಅಂಕಲ್, ಥಾಣೆ ಮೇ ಕಿಧರ್?"

"ಖಾಡೀ ಕೇ ಬಾಜೂ ಮೇ" ಎಂದು ನಮ್ಮವರು ಫೋನಿಗೆ ಕೈ ಅಡ್ಡ ಹಿಡಿದು ವಿನಯದಿಂದ ತಿಳಿಸಿದರು. ಸಾಹೇಬನ ಡೇರೆ ನಿಜವಾಗಿಯೂ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಪಕ್ಕದಲ್ಲೇ ಇತ್ತು.

ದಿವಾದಲ್ಲಿ ಆರು ಜನ ಇಳಿದರು. ಮುಂಬ್ರಾದಲ್ಲಿ ಇನ್ನಷ್ಟು. ಉಳಿದವರು ಇವರನ್ನು ಈಗ ತಾನೇ ಅಲ್ಲಿಂದ ಬಂದ ಮನುಷ್ಯ ಎಂದು ತಿಳಿದು ಬಾಗಿಲ ಕಡೆ ಸರಿದರು. ಇವರಿಗೆ ಇದೊಂದೂ ಗೊತ್ತಿಲ್ಲ, ಸಾಹೇಬನ ಕಷ್ಟದಲ್ಲಿ ಮುಳುಗಿದ್ದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ನನಗೆ ಕಿಟಕಿ ಸೀಟು ಸಿಕ್ಕಿತ್ತು.

೫. ಅಬ್ಬಲಿಗೆ ಮಾಲೆ

ಸಾಹೇಬನ ಹೆಂಡತಿ ಜ್ವರದಲ್ಲಿ ಥಾಣೆಯಲ್ಲೇ ತೀರಿಕೊಂಡಳು. ಇಪ್ಪತ್ತಾರು ವರ್ಷ ಆಗ ಅವಳಿಗೆ. ಊರಿನ ಜ್ವರವನ್ನೆಲ್ಲ ಇಳಿಸಿದವನಿಗೆ ಅವಳದ್ದೊಂದನ್ನು ಇಳಿಸಲಾಗಲಿಲ್ಲ. ಆ ಪುಟ ಬರೆದ ದಿನ ನಮ್ಮವರು ಊಟ ಮಾಡಲಿಲ್ಲ. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ.

ಸ್ಮಶಾನದ ಗೋಡೆಯ ಹತ್ತಿರ ಹುಣಸೆ ಮರದ ಕೆಳಗೆ ಮಣ್ಣು ಮಾಡಿದೆ ಎಂದು ಸಾಹೇಬ ಬರೆದಿದ್ದ. ಇವರು ಹಳೇ ಗೋರಿಗಳ ನಡುವೆ ಹುಡುಕಿ, ಅಕ್ಷರ ಸವೆದು ಪಾಚಿ ಹಿಡಿದ ಒಂದು ಕಲ್ಲನ್ನು ಗುರುತು ಮಾಡಿದರು. ಮೂರು ವರ್ಷ ಅವಳು ತೀರಿದ ದಿನಕ್ಕೆ ಸರಿಯಾಗಿ ಸ್ಟೇಷನ್ ಹೊರಗೆ ಹೆಂಗಸರು ಮುಡಿಯುವ ಅಬ್ಬಲಿಗೆ ಮಾಲೆ ಕೊಂಡು ಹೋಗಿ ಇಟ್ಟು, "ನಿನ್ನ ಗಂಡ ಒಳ್ಳೆಯವ" ಎಂದು ಕನ್ನಡದಲ್ಲಿ ಹೇಳಿ ಬರುತ್ತಿದ್ದರು.

ನಾಲ್ಕನೇ ವರ್ಷ ನಾನೂ ಹೋದೆ. ಕಾವಲಿನವನು ಆ ವರ್ಷ ಕಲ್ಲುಗಳನ್ನೆಲ್ಲ ಬ್ರಷ್ ಹಾಕಿ ತಿಕ್ಕಿದ್ದ. ಅಕ್ಷರ ಚೆನ್ನಾಗಿ ಕಾಣುತ್ತಿತ್ತು. ನಾನೇ ಓದಿದೆ. ಫಿರಂಗಿ ಪಡೆಯ ಸಾರ್ಜೆಂಟ್, ವಯಸ್ಸು ಐವತ್ತೆರಡು.

ನಮ್ಮವರು ಮಾಲೆಯನ್ನು ನನ್ನ ಕೈಗೆ ಕೊಟ್ಟು, ಕಲ್ಲಿನ ಅಕ್ಷರದ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಇಬ್ಬರೂ ಹುಡುಕಿದೆವು. ಎರಡು ಸಾಲು ಆಚೆ, ಹಳೇ ಹುಣಸೆಯ ಬುಡದ ಕೊರಡಿನ ಪಕ್ಕ ಅವಳಿದ್ದಳು. ಚಿಕ್ಕ ಕಲ್ಲು. ನಮ್ಮವರು ಬಗ್ಗಿ "ತಪ್ಪಾಯ್ತಮ್ಮಾ" ಎಂದರು. ನನಗೂ ಕಣ್ಣು ತುಂಬಿತು.

ಮುಂದಿನ ವರ್ಷ ನೋಡುತ್ತೇನೆ, ಎರಡು ಮಾಲೆ ಕಟ್ಟಿಸುತ್ತಿದ್ದಾರೆ.

"ಸಾರ್ಜೆಂಟನಿಗೂ ಅಬ್ಬಲಿಗೆಯಾ?" ಎಂದೆ.

"ಮೂರು ವರ್ಷ ಕೊಟ್ಟು ಅಭ್ಯಾಸ ಮಾಡಿದ್ದು ನಾವೇ ಅಲ್ವಾ" ಅಂದರು. "ಈಗ ಒಮ್ಮೆಲೇ ನಿಲ್ಲಿಸಿದ್ರೆ ಅವ ಎಂತ ತಿಳ್ಕೊಳ್ಳುದು?"

೬. ಸನ್ಮಾನ

ಕೊನೆಗೂ ಥಾಣೆಯ ಘೋಡಬಂದರ್ ರಸ್ತೆಯ ಕಡೆಯ ಒಂದು ಕನ್ನಡ ಸಂಘದವರು ವಾರ್ಷಿಕೋತ್ಸವಕ್ಕೆ ಇವರನ್ನು ಕರೆದರು. ವಿಷಯ, 'ಸರ್ಜನ್ ಸಾಹೇಬರ ಜೀವನ ಮತ್ತು ಸೇವೆ'. ಸಮಯ, ಹದಿನೈದು ನಿಮಿಷ. ಇವರು ಹನ್ನೊಂದು ನೋಟ್‌ಬುಕ್ಕಿನ ಸಾರ ತೆಗೆದು ಅರವತ್ತು ಪುಟಕ್ಕೆ ಇಳಿಸಿದ್ದರು. ಗೋಳಿಬಜೆ ಅಕ್ಷರದಲ್ಲಿ ಅದು ಇನ್ನೂರು ಪುಟವಾಯಿತು.

"ಹದಿನೈದು ನಿಮಿಷಕ್ಕೆ ಹಡಗು ಸಹ ಇಳಿಯುದಿಲ್ಲ" ಎಂದು ಪೆಚ್ಚು ಮುಖ ಮಾಡಿದರು. "ಕಳೆದ ತಿಂಗಳು ಕಂಡ ಅಕ್ಷರ ಈ ತಿಂಗಳು ಕಾಣುದಿಲ್ಲ ಮಾರಾಯ್ತಿ. ಇನ್ನೊಂದು ಸಲಕ್ಕೆ ನಾನು ಓದುದು ಸಂಶಯವೇ."

ಸಂಘದ ಕಾರ್ಯದರ್ಶಿ ನಮ್ಮ ಕಡೆಯವರೇ, ಹೋಟೆಲ್ ಇಟ್ಟವರು, ಗಡಿಬಿಡಿಯ ಮನುಷ್ಯ. ಹಿಂದಿನ ದಿನ ಫೋನ್ ಮಾಡಿದರು.

"ನಿಮಗೆ ಸಾಹೇಬರ ಪರಿಚಯ ಎಷ್ಟು ವರ್ಷದ್ದು?"

"ಹನ್ನೊಂದು ವರ್ಷ."

"ಅವರಿಗೆ ಕನ್ನಡ ಬರ್ತದಲ್ಲ?"

"ಚೆನ್ನಾಗಿ. ಮಂಗಳೂರಲ್ಲಿ ಕಲ್ತದ್ದು."

"ಊಟ ಎಂತ ಮಾಡ್ತಾರೆ?"

"ಪ್ರಾಯ ಕಾಲದಲ್ಲಿ ಎಲ್ಲ ತಿಂತಿದ್ದ. ಕೊನೆಗೆ ಹೊಟ್ಟೆ ಹಾಳಾಗಿ ಬರೀ ಗಂಜಿ."

"ಗಂಜಿ ಮಾಡಿಸುವ, ಅದಕ್ಕೆಂತ!" ಎಂದು ಕಾರ್ಯದರ್ಶಿ ಫೋನ್ ಇಟ್ಟರು. ಸಂಘದವರಿಗೆ ಎಷ್ಟು ಆಸಕ್ತಿ ನೋಡು, ಸಾಹೇಬ ಏನು ತಿನ್ನುತ್ತಿದ್ದ ಅಂತ ಸಹ ಕೇಳಿದರು ಎಂದು ನಮ್ಮವರಿಗೆ ಖುಷಿಯೋ ಖುಷಿ.

ಮರುದಿನ ಹಾಲ್‌ಗೆ ಹೋದೆವು. ವೇದಿಕೆಯ ನಡುವೆ ಒಂದು ಸಿಂಹಾಸನದಂಥ ಕುರ್ಚಿ ಖಾಲಿ ಇತ್ತು. ಪಕ್ಕದ ಮೇಜಿನಲ್ಲಿ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಹಿಂದಿನ ಬ್ಯಾನರ್ ಓದಿದ ನಾನು ಸೀರೆಯ ಸೆರಗು ಗಟ್ಟಿಯಾಗಿ ಹಿಡಿದುಕೊಂಡೆ. 'ಸರ್ಜನ್ ಸಾಹೇಬರಿಗೆ ಹೃತ್ಪೂರ್ವಕ ಸನ್ಮಾನ.'

ಬ್ಯಾನರ್ ಅಷ್ಟು ದೂರದಿಂದ ಇವರ ಕಣ್ಣಿಗೆ ಕಾಣುವುದಿಲ್ಲ. ಹೇಳಿಬಿಡೋಣ ಎಂದು ಕಾರ್ಯದರ್ಶಿಯನ್ನು ಹುಡುಕುವಷ್ಟರಲ್ಲಿ ಅವರೇ ಬೆವರು ಒರೆಸುತ್ತಾ ಬಂದು ನಮ್ಮವರ ಕೈ ಹಿಡಿದರು. "ಸರ್, ಸಾಹೇಬರು ಇನ್ನೂ ಬರ್ಲಿಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿರಬೇಕು. ಸನ್ಮಾನ ಆಗದೆ ಊಟ ಶುರು ಮಾಡುವ ಹಾಗಿಲ್ಲ. ಒಂದು ಉಪಕಾರ ಮಾಡಿ. ಅವರು ಬರುವವರೆಗೆ ನೀವು ಮಾತಾಡ್ತಾ ಇರಿ. ಎಷ್ಟು ಹೊತ್ತಾದ್ರೂ ಸರಿ, ನಿಲ್ಲಿಸ್ಬೇಡಿ."

ಇವರ ಕಿವಿಯೂ ಈಗ ಅಷ್ಟಕ್ಕಷ್ಟೆ. ಮೊದಲಿನದ್ದೆಲ್ಲ ಬಿಟ್ಟು ಎಷ್ಟು ಹೊತ್ತಾದರೂ ಸರಿ ಎಂಬುದು ಮಾತ್ರ ಇವರಿಗೆ ಕೇಳಿಸಿತು. ನನ್ನ ಕಡೆ ತಿರುಗಿ ನಕ್ಕರು. ಆ ನಗು ನೋಡಿ ನನ್ನ ಬಾಯಿ ಮುಚ್ಚಿಹೋಯಿತು.

ಓದಲು ಶುರು ಮಾಡಿದರು. ಮೊದಲ ಅರ್ಧ ಗಂಟೆ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಊಟದ ಪಾತ್ರೆ ಮುಚ್ಚಿಯೇ ಇದ್ದುದರಿಂದ ಯಾರೂ ಏಳಲಿಲ್ಲ. ಕಾಲರಾ ಬರುವ ಹೊತ್ತಿಗೆ ಕೆಲವು ಮೊಬೈಲು ಕೆಳಗಿಳಿದವು. ಹೆಂಡತಿಯನ್ನು ಮಣ್ಣು ಮಾಡಿದ ಮಾರನೇ ಬೆಳಿಗ್ಗೆ ಸಾಹೇಬ ಎಂದಿನಂತೆ ಆಸ್ಪತ್ರೆ ಡೇರೆಗೆ ಬಂದ ಎಂದು ಓದುವಾಗ ಹಿಂದಿನ ಸಾಲಿನ ಮಾತೂ ನಿಂತಿತು.

ಕಾರ್ಯದರ್ಶಿ ಮಾತ್ರ ಗೇಟಿಗೂ ಅಡುಗೆಯವರ ಬಳಿಗೂ ಓಡಾಡುತ್ತಿದ್ದರು. ಒಂದೂವರೆ ಗಂಟೆಯಾದ ಮೇಲೆ ನನ್ನ ಹತ್ತಿರ ಬಂದರು. "ಅಕ್ಕಾ, ಸಾಹೇಬರು ಎಲ್ಲಿ ಮುಟ್ಟಿದ್ರು? ಒಂದು ಫೋನ್ ಮಾಡಿ ಕೇಳಿ ಮಾರಾಯ್ರೆ."

ನಾನು ಹೊರಗೆ ಹೋಗಿ, ಫೋನನ್ನು ಕಿವಿಗೆ ಹಿಡಿದು ಗೋಡೆಯ ಕಡೆ ನಿಂತೆ. ಜೀವಮಾನದಲ್ಲಿ ಅಂಥ ಸುಳ್ಳು ಹೇಳಿದವಳಲ್ಲ. ಒಳಗಿನಿಂದ ಇವರ ದನಿ ಕೇಳುತ್ತಿತ್ತು, ಇನ್ನೂ ಎಂಬತ್ತು ಪುಟ ಬಾಕಿ ಇತ್ತು. ಒಳಗೆ ಬಂದು ಹೇಳಿದೆ. "ಇನ್ನೂ ದಾರಿಯಲ್ಲಿದ್ದಾರೆ."

ನಿದ್ದೆ ಬರಿಸುವ ಔಷಧಿ ಮೊದಲ ಬಾರಿ ಥಾಣೆಗೆ ಬಂದ ದಿನದ ಪುಟ ಬಂತು. ಸಿಪಾಯಿ ಮಗುವಿನ ಹಾಗೆ ಮಲಗಿದ್ದ, ಕಾಲು ತೆಗೆದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಸಾಹೇಬ ಗರಗಸ ತೊಳೆದಿಟ್ಟು, ಡೇರೆಯ ಹಿಂದೆ ಹೋಗಿ, ಅದಕ್ಕೆ ಮೊದಲು ಕಿರುಚಿದವರನ್ನೆಲ್ಲ ನೆನೆದು ಅತ್ತ. ನಾನೂ ಅದನ್ನು ಸರಿಯಾಗಿ ಕೇಳಿದ್ದು ಅಂದೇ.

ಎರಡೂವರೆ ಗಂಟೆಯಾಗಿತ್ತು. ಕೊನೆಯ ಪುಟ. ಸಾಹೇಬ ತನ್ನ ಊರಿಗೆ ಮರಳಿದ, ಅಲ್ಲಿ ಅವನ ಕಥೆ ಕೇಳುವವರು ಯಾರೂ ಸಿಗಲಿಲ್ಲ, ಅದಕ್ಕೇ ಬರೆದಿಟ್ಟ, ಒಂದು ಚಳಿಗಾಲದ ಬೆಳಿಗ್ಗೆ ತೀರಿಕೊಂಡ. ನಮ್ಮವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸಂಘದ ಅಧ್ಯಕ್ಷರು ವಿಜಯಪುರ ಕಡೆಯ ಹಿರಿಯರು. ವೇದಿಕೆ ಮೇಲೆ ಅಷ್ಟು ಹೊತ್ತೂ ತೂಕಡಿಸುತ್ತಿದ್ದವರಿಗೆ ಕೊನೇ ಸಾಲಿಗೆ ಎಚ್ಚರವಾಯಿತು. ಗಾಬರಿಯಿಂದ ಖಾಲಿ ಕುರ್ಚಿ ನೋಡಿದರು, ಅಳುತ್ತಿರುವ ಇವರನ್ನು ನೋಡಿದರು, ಮೈಕ್ ಎಳೆದುಕೊಂಡರು.

"ಭಾಳ ದುಃಖದ ಸುದ್ದಿ ಬಂದೈತಿ. ನಾವು ಸನ್ಮಾನಕ್ಕ ದಾರಿ ಕಾಯ್ತಾ ಇದ್ದ ಸರ್ಜನ್ ಸಾಹೇಬರು ಹೋಗಿಬಿಟ್ರಂತ. ಎಲ್ಲಾರೂ ಎದ್ದು ಒಂದು ನಿಮಿಷ ಮೌನ ಆಚರಿಸೋಣು."

ನಗು ಬರುತ್ತದೆ ಎಂದು ನಾನು ಕಾದೆ. ಒಬ್ಬರೂ ನಗಲಿಲ್ಲ. ಎಲ್ಲರೂ ಎದ್ದರು. ಕಥೆ ಕೇಳಿದವರು ತಾವಾಗಿಯೇ ಎದ್ದರು, ಕೇಳದವರು ಹೇಳಿದ್ದಕ್ಕೆ ಎದ್ದರು. ಇನ್ನೂರು ಜನ ಹಸಿದ ಹೊಟ್ಟೆಯಲ್ಲಿ ತಲೆ ತಗ್ಗಿಸಿ ನಿಂತರು. ಬಾಗಿಲಲ್ಲಿ ಕಾರ್ಯದರ್ಶಿ ಗಂಜಿಯ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು. ಸನ್ಮಾನದ ಶಾಲನ್ನು ಆಮೇಲೆ ಅಧ್ಯಕ್ಷರು ಖಾಲಿ ಕುರ್ಚಿಗೆ ಹೊದಿಸಿದರು.

ಮರುದಿನ ಬೆಳಿಗ್ಗೆ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಸಾಲಾಗಿ ಸಂದೇಶ. ಓಂ ಶಾಂತಿ. ತುಂಬಲಾರದ ನಷ್ಟ. ಕುಟುಂಬಕ್ಕೆ ದುಃಖ ಸಹಿಸುವ ಶಕ್ತಿ ದೇವರು ಕೊಡಲಿ. ಒಬ್ಬರಂತೂ ಮೊನ್ನೆ ಮಾಲ್‌ನಲ್ಲಿ ನೋಡಿ ಮಾತಾಡಿಸಿದ್ದೆ, ಎಷ್ಟು ಚೆನ್ನಾಗಿದ್ದರು ಎಂದು ಬರೆದಿದ್ದರು.

ನಾನು ಒಂದೊಂದಾಗಿ ಓದಿ ಹೇಳಿದೆ. ನಮ್ಮವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹೇಳಿದರು. "ಒಂದು ಉತ್ತರ ಟೈಪ್ ಮಾಡು. ಸಾಹೇಬನ ಕುಟುಂಬದ ಪರವಾಗಿ ಎಲ್ಲರಿಗೂ ವಂದನೆಗಳು ಅಂತ."

"ಯಾವ ಕುಟುಂಬ ಮಾರಾಯ್ರೆ?"

"ಅಂದ್ರೆ?" ಎಂದರು ನಮ್ಮವರು, ನಾನೇನೋ ಅಸಂಬದ್ಧ ಕೇಳಿದ ಹಾಗೆ. "ಅವನಿಗೆ ನಾವಲ್ಲದೆ ಇನ್ಯಾರಿದ್ದಾರೆ?"

ಟೈಪ್ ಮಾಡಿ ಕಳಿಸಿದೆ. ಕೆಳಗೆ ನನ್ನ ಹೆಸರೂ ಹಾಕಿದೆ.